ಎದುರಾಳಿ ಬೇಕಾಗಿದ್ದಾರೆ

ಚುನಾವಣೆಗೆ ನಿಂತವರು ಓಟು ಕೇಳಿಕೊಂಡು ಮನೆಮನೆ ತಿರುಗುವುದನ್ನು ನೀವೆಲ್ಲ ನೋಡಿರುತ್ತೀರಿ. ನನ್ನ ಎದುರು ದಯವಿಟ್ಟು ಯಾರಾದರೂ ನಿಲ್ಲಿ ಎಂದು ಕೇಳಿಕೊಂಡು ತಿರುಗಿದ ಅಭ್ಯರ್ಥಿಯನ್ನು ಮಾತ್ರ ನೋಡಿರಲಾರಿರಿ. ಆ ಮಹಾನುಭಾವ ನಾನೇ. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯಿಂದ ಬಹಳ ದೂರವೇನೂ ಇಲ್ಲದ ನಮ್ಮ ಊರಿನಿಂದ ಗ್ರಾಮ ಪಂಚಾಯಿತಿ ಮೆಂಬರಾಗಲು ಹೊರಟು ನಾನು ಮಾಡಿಕೊಂಡ ಫಜೀತಿಯನ್ನು ಊರಿನವರು ಬೇಕಾದಷ್ಟು ಸಲ ಹೇಳಿಕೊಂಡು ನಕ್ಕಿದ್ದಾರೆ. ಅವರು ಹೇಳುವಾಗ ಉಪ್ಪುಖಾರ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಆದ್ದರಿಂದ ನಾನೇ ಹೇಳಿಬಿಡುವುದು ವಾಸಿ ಎನಿಸಿತು.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ವಿಷಯ ಸಮಾಜ ವಿಜ್ಞಾನ. ಮೊದಲು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಕಡೆ, ಆಮೇಲೆ ಹೊನ್ನಾಳಿ, ಆಮೇಲೆ ಬಹುಕಾಲ ಸ್ವಂತ ಊರಿನ ಹತ್ತಿರದ ಶಾಲೆ, ಕೊನೆಗೆ ನ್ಯಾಮತಿ, ಹೀಗೆ ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಮುಂದೆ ನಿಂತು ಪ್ರಜಾಪ್ರಭುತ್ವ ಎಂದರೇನು ಎಂದು ಕೇಳಿದೆ. ಉತ್ತರವನ್ನೂ ನಾನೇ ಹೇಳಿದೆ. ಪಾಠದ ಜೊತೆಗೆ ನನಗೆ ಇನ್ನೊಂದು ಚಟವಿತ್ತು. ಜನ ಅದನ್ನು ಮರ್ಯಾದೆಯಿಂದ ಹೋರಾಟ ಎನ್ನುತ್ತಿದ್ದರು. ನನ್ನ ಹೆಂಡತಿ ಚಟವೆಂದೇ ಕರೆಯುತ್ತಾಳೆ.

ಬಿಳಿಚೋಡಿನಲ್ಲಿ ಕುರಿಗಳ ಹಿಂದೆ ಹೋದ ಮಕ್ಕಳನ್ನು ಶಾಲೆಗೆ ವಾಪಸು ಕರೆತರುತ್ತೇನೆಂದು ಹೊರಟೆ. ಹುಡುಕಿ ಹುಡುಕಿ ಒಂದು ಮಂದೆಯ ಹತ್ತಿರ ಹೋಗಿ ಶಿಕ್ಷಣದ ಮಹತ್ವ ವಿವರಿಸಿದೆ. ಮಕ್ಕಳ ಅಪ್ಪ ತಲೆದೂಗಿ ಕೇಳಿದ, ಕುಡಿಯಲು ಮಜ್ಜಿಗೆ ಕೊಟ್ಟ, ಕೋಲನ್ನು ನನ್ನ ಕೈಗಿತ್ತು ‘ಒಂಚೂರು ನೋಡ್ಕೊಳ್ರಿ ಮೇಷ್ಟ್ರೆ, ಈಗ ಬಂದೆ’ ಎಂದು ಮಕ್ಕಳನ್ನೂ ಕರೆದುಕೊಂಡು ಸಂತೆಗೆ ಹೋದ. ಸಂಜೆಯವರೆಗೆ ಕುರಿ ಕಾದೆ. ಹೊನ್ನಾಳಿಯಲ್ಲಿ ವಿದ್ಯಾರ್ಥಿಗಳಿಗೆ ಬಸ್ಸು ನಿಲ್ಲಿಸಬೇಕೆಂದು ರಸ್ತೆಯಲ್ಲಿ ಧರಣಿ ಕೂತೆವು. ಬಸ್ಸು ಬಂತು, ನಿಂತಿತು, ವಿದ್ಯಾರ್ಥಿಗಳೆಲ್ಲ ಹತ್ತಿಕೊಂಡು ಊರಿಗೆ ಹೋದರು. ಬ್ಯಾನರಿನ ಎರಡೂ ತುದಿ ಹಿಡಿಯಲು ಉಳಿದವನು ನಾನೊಬ್ಬನೇ. ನ್ಯಾಮತಿ ಬೇರೆ ತಾಲ್ಲೂಕಾಯಿತು ಎಂದು ತರಗತಿಯಲ್ಲಿ ನಕಾಶೆ ಬರೆದು ಪಾಠ ಮಾಡಿದ ನಾನೇ, ಮರುದಿನ ಅರ್ಜಿ ಹಿಡಿದು ಹೊನ್ನಾಳಿಯ ಬಸ್ಸು ಹತ್ತಿದ್ದೆ. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತ ಮೇಲೆ ನೆನಪಾಯಿತು.

ಇಷ್ಟೆಲ್ಲ ಅನುಭವ ಪಡೆದು ನಿವೃತ್ತನಾಗಿ ಊರಿಗೆ ಬಂದೆ. ಊರಿನಲ್ಲಿ ನನಗಾಗಿ ಒಂದು ಕೆಲಸ ಕಾದುಕೊಂಡಿತ್ತು. ನಮ್ಮ ಊರಿನ ಪಕ್ಕದಲ್ಲೇ ಭದ್ರಾ ಚಾನಲ್ ಹರಿಯುತ್ತದೆ. ಶಾಲೆ, ಗುಡಿ, ಹಾಲಿನ ಡೈರಿ, ಅಂಗಡಿ ಎಲ್ಲ ಈಚೆಗಿವೆ. ಆಚೆಗೆ ಕಾಲೋನಿ. ಆಚೆಯವರು ಈಚೆಗೆ ಬರಬೇಕಾದರೆ ರಸ್ತೆಯ ಸೇತುವೆವರೆಗೆ ನಡೆದು ಸುತ್ತಿ ಬರಬೇಕು. ಅವಸರವಿದ್ದವರು ತೂಬಿನ ಮೇಲಿನ ಕಿರಿದಾದ ಗೋಡೆಯ ಮೇಲೆ ನಡೆದು ದಾಟುತ್ತಾರೆ. ಶಾಲೆಗೆ ಬರುವ ಮಕ್ಕಳಿಗೆ ಯಾವಾಗಲೂ ಅವಸರವೇ. ಚಾನಲ್ಲಿಗೆ ನೀರು ಬಿಟ್ಟಾಗ ತಾಯಂದಿರು ಆಚೆ ದಡದಲ್ಲಿ ನಿಂತು, ಮಕ್ಕಳು ಈಚೆ ಕಾಲಿಡುವ ತನಕ ಉಸಿರು ಬಿಗಿಹಿಡಿದಿರುತ್ತಾರೆ. ಅಲ್ಲೊಂದು ಕಾಲುಸೇತುವೆ ಬೇಕೆಂದು ನಾನು ಅರ್ಜಿ ಬರೆಯಲು ಶುರುಮಾಡಿದೆ. ಪಂಚಾಯಿತಿಗೆ ಕೊಟ್ಟೆ, ನೀರಾವರಿಯವರಿಗೆ ಕೊಟ್ಟೆ, ಯಾವುದೋ ಉದ್ಘಾಟನೆಗೆ ಬಂದವರ ಕಾರಿನ ಕಿಟಕಿಯೊಳಕ್ಕೆ ತೂರಿಸಿದೆ. ಅರ್ಜಿಗಳು ಹೋದವು. ಸೇತುವೆ ಬರಲಿಲ್ಲ.

ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದವಳು ನನ್ನ ಹಳೆಯ ಶಿಷ್ಯೆ. ಅದೇ ಕಾಲೋನಿಯವಳು, ಬಿ.ಎ. ಓದಿದವಳು, ನಲ್ಲೂರಿನ ರಸ್ತೆಬದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಪಹಣಿ ತೆಗೆಸುವುದು, ಆನ್‌ಲೈನ್ ಅರ್ಜಿ ತುಂಬಿಸುವುದು, ಫೋಟೋ ತೆಗೆಯುವುದು ಎಲ್ಲ ಅಲ್ಲೇ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ‘ಸಾಲ ಕೇಳಬೇಡಿ’ ಎಂಬ ಬೋರ್ಡು. ನನ್ನ ಅರ್ಜಿಗಳನ್ನು ಟೈಪು ಮಾಡುತ್ತ ‘ಸಾರ್, ಈ ಪ್ಯಾರಾ ಯಾರೂ ಓದಲ್ಲ, ತೆಗೀಲಾ?’ ಎಂದು ಕೇಳುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ. ಅವಳು ತೆಗೆಯುತ್ತಿದ್ದಳು.

ಇನ್ನು ನಮ್ಮ ಊರಿನ ಪದ್ಧತಿಯೊಂದನ್ನು ಹೇಳಬೇಕು. ಪಂಚಾಯಿತಿ ಚುನಾವಣೆ ಬಂತೆಂದರೆ ಗುಡಿ ಮುಂದಿನ ಕಟ್ಟೆಯ ಮೇಲೆ ಹಿರಿಯರು ಸೇರುತ್ತಾರೆ. ಚುನಾವಣೆ ನಡೆದರೆ ಊರು ಒಡೆಯುತ್ತದೆ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಸುಮ್ಮನೆ ರಂಪ. ಆದ್ದರಿಂದ ಒಬ್ಬರ ಹೆಸರು ಹೇಳಿ, ಎಲ್ಲರೂ ಹೂಂ ಎಂದು, ದೇವರ ಮುಂದೆ ಕಾಯಿ ಒಡೆದುಬಿಟ್ಟರೆ ಮುಗಿಯಿತು. ಆಮೇಲೆ ಬೇರೆ ಯಾರೂ ನಾಮಪತ್ರ ಹಾಕುವಂತಿಲ್ಲ. ಮರುದಿನ ಪೇಪರಿನಲ್ಲಿ ‘ಅವಿರೋಧ ಆಯ್ಕೆ’ ಎಂದು ಫೋಟೋ.

ಈ ಪದ್ಧತಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಗಸ್ಟಿನಲ್ಲಿ, ಜನವರಿಯಲ್ಲಿ, ಶಾಲೆಯ ಬಾವುಟ ಹಾರಿಸಿದ ಮೇಲೆ ಎರಡು ಮಾತು ಆಡಿ ಎಂದು ಮೈಕು ಕೊಡುತ್ತಿದ್ದರು. ಎರಡು ಮಾತಿಗೆ ನಾನೆಂದೂ ನಿಲ್ಲಿಸಿದವನಲ್ಲ. ಅವಿರೋಧ ಆಯ್ಕೆ ಎಂಬುದು ಪ್ರಜಾಪ್ರಭುತ್ವಕ್ಕೆ ಹಿಡಿದ ಗೆದ್ದಲು, ಮತದಾನವೆಂಬ ಹಕ್ಕನ್ನು ಕಟ್ಟೆಯ ಮೇಲೆ ಒಡೆದು ಹಂಚಿ ತಿನ್ನುತ್ತಿದ್ದೇವೆ ಎಂದೆಲ್ಲ ಗುಡುಗುತ್ತಿದ್ದೆ. ಮಕ್ಕಳು ಲಾಡುವಿನ ಬುಟ್ಟಿಯ ಕಡೆ ನೋಡುತ್ತಿದ್ದರು. ಹಿರಿಯರೂ ಅದೇ ಕಡೆ ನೋಡುತ್ತಿದ್ದರು.

ಈ ಸಲ ಚುನಾವಣೆ ಘೋಷಣೆಯಾಗಿ ಒಂದೆರಡು ದಿನಕ್ಕೆ ನನಗೆ ಕಟ್ಟೆಗೆ ಬರಲು ಹೇಳಿ ಕಳುಹಿಸಿದರು. ಮತ್ತೇನೋ ತಕರಾರು ಇರಬೇಕೆಂದು ಹೊಸ ಭಾಷಣವೊಂದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು ಹೋದೆ. ಕಟ್ಟೆಯ ತುಂಬ ಜನ. ಹಿರಿಯರಲ್ಲಿ ಹಿರಿಯರಾದ, ಊರಿನಲ್ಲಿ ಯಾರೂ ಮಾತು ಮೀರದ ಯಜಮಾನರು ಪಕ್ಕದಲ್ಲಿ ಜಾಗ ಮಾಡಿ ನನ್ನನ್ನು ಕೂರಿಸಿಕೊಂಡರು.

‘ಮೇಷ್ಟ್ರೆ, ನಮ್ಮ ವಾರ್ಡಿಗೆ ಇರೋದು ಒಂದೇ ಸೀಟು. ಈ ಸಲ ಜನರಲ್ ಬಂದೈತೆ. ಎಲ್ಲಾರೂ ಕೂತು ಮಾತಾಡಿ ನಿಮ್ಮನ್ನೇ ಮಾಡಾಣ ಅಂತ ತೀರ್ಮಾನ ಮಾಡೀವಿ. ನೀವು ಓದಿದೋರು, ಓಡಾಡೋರು. ಬ್ಯಾಡ ಅನ್ನಬಾರ್ದು.’

ಯಾರೋ ಹಾರ ಹಾಕಿದರು. ಸುಳ್ಳೇಕೆ ಹೇಳಲಿ, ಆ ಕ್ಷಣದಲ್ಲಿ ನನಗೆ ಆಕಾಶಕ್ಕೆ ಮೂರೇ ಗೇಣು. ಊರು ಕೊನೆಗೂ ನನ್ನನ್ನು ಗುರುತಿಸಿತು ಎಂದುಕೊಂಡೆ. ಕೃತಜ್ಞತೆ ಹೇಳಲು ಎದ್ದು ನಿಂತೆ. ಅಷ್ಟರಲ್ಲಿ ಹಿಂದಿನಿಂದ ನನ್ನ ಇನ್ನೊಬ್ಬ ಹಳೆಯ ಶಿಷ್ಯ, ಈಗ ಅಡಿಕೆ ತೋಟಗಳ ಫಸಲನ್ನು ಮರದ ಮೇಲೇ ಹಿಡಿಯುವ ಖೇಣಿದಾರ, ಕೂಗಿದ.

‘ಸಾರ್, ಅವಿರೋಧ ಅಂದ್ರೆ ಗೆದ್ದಲು ಅಂತಿದ್ರಲ್ಲ. ಈಗ ಹಾರ ಹಾಕ್ಸಿಕೊಂಡ್ರಿ!’

ಕಟ್ಟೆಗೆ ಕಟ್ಟೆಯೇ ನಕ್ಕಿತು. ಯಜಮಾನರೂ ಮೀಸೆಯಲ್ಲೇ ನಕ್ಕರು. ನಾನು ಹಾರ ತೆಗೆಯುವುದೋ ಇಟ್ಟುಕೊಳ್ಳುವುದೋ ತಿಳಿಯದೆ ಅದನ್ನು ಹಿಡಿದುಕೊಂಡೇ, ಕಾಯಿ ಈಗಲೇ ಒಡೆಯಬೇಡಿ, ಯೋಚನೆ ಮಾಡಿ ಹೇಳುತ್ತೇನೆ ಎಂದು ಮನೆಗೆ ಬಂದೆ.

ಹೆಂಡತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಊರೆಲ್ಲ ಒಟ್ಟಾಗಿ ನನ್ನನ್ನು ಆರಿಸಿದ್ದಾರೆ ಎಂದೆ. ಅವಳು ತಲೆಯೆತ್ತಲಿಲ್ಲ.

‘ಯಾಕೆ ಅಂತ ಗೊತ್ತೈತಾ?’

‘ಓದಿದೋನು, ಓಡಾಡೋನು ಅಂತ.’

‘ಅಲ್ಲ ಕಣ್ರೀ. ನಿಮ್ಮನ್ನ ಒಳಗೆ ಹಾಕ್ಕೊಂಡ್ರೆ ಅರ್ಜಿ ಕೊಡೋದು ನಿಲ್ತೈತೆ ಅಂತ. ಡೈರೀಲಿ ಹೆಂಗಸರು ಮಾತಾಡ್ಕೊಳ್ತಿದ್ರು.’

ಅವತ್ತು ನನಗೆ ಊಟ ರುಚಿಸಲಿಲ್ಲ. ಯಜಮಾನರು ಹೇಳಿದ್ದು ನಿಜವೋ ಹೆಂಡತಿ ಹೇಳಿದ್ದು ನಿಜವೋ? ಇಷ್ಟು ವರ್ಷ ಓಡಾಡಿದ್ದು, ಕೂಗಾಡಿದ್ದು, ಕುರಿ ಕಾದದ್ದು, ಇದನ್ನೆಲ್ಲ ಈ ಜನ ಒಂದು ಗುಣವೆಂದು ಎಣಿಸಿದ್ದಾರೋ ಒಂದು ಪೀಡೆಯೆಂದೋ? ಊರಿಗೆ ನಾನು ಬೇಕೋ ಬೇಡವೋ? ಇದೊಂದು ನನಗೆ ಗೊತ್ತಾಗಲೇಬೇಕಿತ್ತು. ಮೆಂಬರ್‌ಗಿರಿಗಿಂತ ಹೆಚ್ಚಾಗಿ ಬೇಕಿತ್ತು. ಇದನ್ನು ಕಟ್ಟೆಯ ಮೇಲೆ ಕೇಳಿದರೆ ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಮಡಿಚಿ ಹಾಕಿದ ಚೀಟಿಯಷ್ಟೇ ಹೇಳಬೇಕು. ಅದಕ್ಕೆ ಚುನಾವಣೆ ನಡೆಯಬೇಕು, ಚುನಾವಣೆ ನಡೆಯಲು ಎದುರಾಳಿ ಬೇಕು. ಎದುರಾಳಿಯನ್ನು ಹುಡುಕುವುದೇ ಸರಿ ಎಂದು ಬೆಳಿಗ್ಗೆ ಅಂಗಿ ತೊಟ್ಟು ಹೊರಟೆ.

ಮೊದಲು ಖೇಣಿದಾರನ ಮನೆಗೇ ಹೋದೆ. ಕಟ್ಟೆಯ ಮೇಲೆ ನನ್ನ ಮಾನ ಕಳೆದವನು ಇವನೇ ತಾನೆ. ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ನನ್ನ ಬೇಡಿಕೆ ಕೇಳಿ ಅವನು ಕಕ್ಕಾಬಿಕ್ಕಿಯಾದ.

‘ನಿಮ್ಮ ಎದುರಿಗಾ? ಬ್ಯಾಡ ಸಾರ್. ನಮ್ಮವ್ವ ಮನೆಗೇ ಸೇರ್ಸಲ್ಲ. ತಮಾಷೆಗೆ ಅಂದೆ, ಅದನ್ನೇ ಹಿಡ್ಕೊಂಡು ಬಂದೀರಲ್ಲ!’

ಅಲ್ಲಿಂದ ನನ್ನ ದೊಡ್ಡಪ್ಪನ ಮಗನ ಮನೆಗೆ ಹೋದೆ. ಬದುವಿನ ಜಗಳದಲ್ಲಿ ನಾವಿಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಇಂಥ ಘನ ಕಾರ್ಯಕ್ಕೆ ದಾಯಾದಿಗಿಂತ ಯೋಗ್ಯ ಯಾರಿದ್ದಾರೆ ಎಂದು ನನ್ನ ಲೆಕ್ಕ. ಅವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಇಷ್ಟು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಇದು:

‘ನಿನ್ನ ವಿರೋಧ ಮಾಡಾಕೆ ನನಗೆ ಎಲೆಕ್ಷನ್ ಯಾಕೆ ಬೇಕು? ದಿನಾ ಮಾಡ್ತಾನೇ ಇದೀನಲ್ಲ.’

ಸಂಜೆ ಹೊತ್ತಿಗೆ ಊರಿನಲ್ಲಿ ಸುದ್ದಿ ಹಬ್ಬಿ, ನಾನು ಬರುವುದು ಕಂಡರೆ ಜನ ಒಳಗೆ ಹೋಗತೊಡಗಿದರು. ಸಾಲ ಕೇಳಲು ಬಂದವನನ್ನೂ ಅಷ್ಟು ಬೇಗ ತಪ್ಪಿಸಿಕೊಳ್ಳುವುದಿಲ್ಲ. ನಾಮಪತ್ರಕ್ಕೆ ದಿನ ಹತ್ತಿರ ಬರುತ್ತಿತ್ತು. ಆಗ ನಲ್ಲೂರಿನ ಜೆರಾಕ್ಸ್ ಅಂಗಡಿ ನೆನಪಾಯಿತು.

ಅವಳನ್ನೇ ಯಾಕೆ ಆರಿಸಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಓದಿದವಳು, ಮಾತುಗಾರ್ತಿ, ನನ್ನ ಶಿಷ್ಯೆ. ಗೌರವವಾಗಿ ಸ್ಪರ್ಧಿಸುತ್ತಾಳೆ, ಗೌರವವಾಗಿ ಸೋಲುತ್ತಾಳೆ, ನಾನು ಗೆದ್ದ ಮೇಲೆ ಅವಳನ್ನು ಹೊಗಳಿ ಭಾಷಣ ಮಾಡಬಹುದು. ಬಸ್ಸಿನಲ್ಲಿ ಕೂತು ಆ ಭಾಷಣದ ಮೊದಲ ಭಾಗ ಮುಗಿಸಿಯೂ ಆಗಿತ್ತು.

‘ಅರ್ಜೀನಾ ಸಾರ್?’ ಎಂದಳು ನನ್ನನ್ನು ಕಂಡು.

‘ಅಲ್ಲಮ್ಮ. ನೀನು ನಮ್ಮ ವಾರ್ಡಿಗೆ ನಿಲ್ಲಬೇಕು.’

‘ನಿಮ್ಮನ್ನ ಆಗ್ಲೇ ಮಾಡ್ಯಾರಂತಲ್ಲ?’

‘ಅದಕ್ಕೇ ಬಂದೆ. ನನ್ನ ಎದುರಿಗೆ ನಿಲ್ಲಬೇಕು.’

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಮಿಷನ್ನು ಆಫ್ ಮಾಡಿ ಸ್ಟೂಲು ಎಳೆದು ಕೂರಲು ಕೊಟ್ಟಳು.

‘ಕಟ್ಟೆ ಮ್ಯಾಲೆ ಎಲ್ಲಾರೂ ಒಪ್ಪಿದ್ರಾ ಸಾರ್?’

‘ಎಲ್ಲಾರೂ ಒಪ್ಪಿದ್ರು. ಒಬ್ಬರೂ ಬೇಡ ಅನ್ನಲಿಲ್ಲ.’

‘ನಮ್ಮ ಕಾಲೋನಿಯಿಂದ ಯಾರು ಬಂದಿದ್ರು?’

ಹಾಜರಿ ಕರೆಯುವವನ ಹಾಗೆ ಕಟ್ಟೆಯ ಮೇಲಿನ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಕಾಲೋನಿಯವರು ಯಾರೂ ಇರಲಿಲ್ಲ. ಆ ಸಲ ಮಾತ್ರವಲ್ಲ, ಯಾವ ಸಲವೂ ಇದ್ದದ್ದು ನೆನಪಾಗಲಿಲ್ಲ. ಗುಡಿಯ ಮುಂದಿನ ಕಟ್ಟೆಗೆ ಅವರನ್ನು ಕರೆಯುವ ವಾಡಿಕೆಯೇ ಇರಲಿಲ್ಲ. ಅವಿರೋಧದ ಮೇಲೆ ವರ್ಷಕ್ಕೆರಡು ಸಲ ಗುಡುಗಿದವನು ನಾನು. ಕರೆಯದವರು ವಿರೋಧಿಸುವುದಾದರೂ ಹೇಗೆ ಎಂಬುದು ನನ್ನ ಯಾವ ಭಾಷಣದಲ್ಲೂ ಬಂದಿರಲಿಲ್ಲ. ಹಾರದ ಹೂವಿನ ವಾಸನೆ ಇನ್ನೂ ಮೂಗಿನಲ್ಲಿತ್ತು. ನಾಚಿಕೆಯಾಯಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿಲ್ಲದ್ದು ಪುಣ್ಯ.

‘ಜನರಲ್ ಸೀಟಿಗೆ ಯಾರಾದ್ರೂ ನಿಲ್ಬೋದು ಅಲ್ವಾ ಸಾರ್?’ ಎಂದಳು ಅವಳು.

‘ಖಂಡಿತ.’

‘ಸರಿ, ನಿಲ್ತೀನಿ. ಆದ್ರೆ ಸೋಲಾಕೆ ನಿಲ್ಲಲ್ಲ.’

‘ಹಂಗೇ ಇರ್ಬೇಕು ಕಣಮ್ಮ’ ಎಂದು ಬೆನ್ನು ತಟ್ಟುವವನ ದನಿಯಲ್ಲಿ ಹೇಳಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಭಾಷಣದ ಉಳಿದ ಭಾಗ ಮುಗಿಸಿದೆ.

ನಾವಿಬ್ಬರೂ ನಾಮಪತ್ರ ಹಾಕಿದ್ದು ತಿಳಿದು ಕಟ್ಟೆಯಲ್ಲಿ ರಂಪವೋ ರಂಪ. ತಟ್ಟೆಯಲ್ಲಿಟ್ಟು ಕೊಟ್ಟಿದ್ದನ್ನು ಬೀದಿಗೆ ಚೆಲ್ಲಿದೆ ಎಂದರು. ಯಜಮಾನರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ‘ನಿಮಗೆ ಸೀಟು ಕೊಟ್ವಿ. ನೀವು ಊರು ತುಂಬ ಎಲೆಕ್ಷನ್ ಹಂಚಾಕೆ ಹೊಂಟೀರಿ. ಏನಾರ ಮಾಡ್ಕೊಳ್ರಿ’ ಎಂದು ಹೆಗಲ ಮೇಲಿನ ಟವಲು ಕೊಡವಿ ಎದ್ದು ಹೋದರು. ಅವರ ಕಡೆಯ ಎಷ್ಟೋ ಜನ ನನ್ನ ಪರ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಪರವಾಗಿಲ್ಲ, ನನಗೆ ಬೇಕಾಗಿದ್ದು ಜನರ ತೀರ್ಪು, ಕಟ್ಟೆಯ ಕೃಪೆಯಲ್ಲ ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡೆ. ಹೆಂಡತಿ, ಮೆತ್ತಗೆ ಮಾತಾಡಿ, ಪಕ್ಕದ ಮನೆಯವರಿಗೂ ಓಟಿದೆ ಎಂದಳು.

ಚಿಹ್ನೆ ಕೊಡುವ ದಿನ ಬಂತು. ಮೇಷ್ಟ್ರಿಗೆ ಕಪ್ಪು ಹಲಗೆಯ ಚಿಹ್ನೆಯೇ ಸರಿ ಎಂದು ನಾನು ಅದನ್ನೇ ಕೇಳಿದೆ. ಅವಳೂ ಅದನ್ನೇ ಕೇಳಿದ್ದಳು. ಚೀಟಿ ಎತ್ತಿದರು. ಹಲಗೆ ಅವಳ ಪಾಲಾಯಿತು. ನನಗೆ ಬಂದದ್ದು ಟೇಬಲ್ ಫ್ಯಾನು. ಮೂವತ್ತು ಚಿಲ್ಲರೆ ವರ್ಷ ಹಲಗೆಯ ಮುಂದೆ ನಿಂತವನು ಫ್ಯಾನಿನ ಚಿತ್ರ ಹಿಡಿದು ಊರಿಗೆ ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ ‘ಗಾಳಿ ಮಾತು ಜಾಸ್ತಿ ಆಯ್ತು ಮೇಷ್ಟ್ರೆ’ ಎಂದು ನಕ್ಕರು.

ಕರಪತ್ರ ಮುದ್ರಿಸಬೇಕಿತ್ತು. ಬೇರೆಲ್ಲಿಗೆ ಹೋಗಲಿ, ರೂಢಿಯಂತೆ ಅವಳ ಅಂಗಡಿಗೇ ಹೋದೆ. ಎದುರಾಳಿಯ ಅಂಗಡಿಯಲ್ಲಿ ಕರಪತ್ರ ಮಾಡಿಸಿದ ಅಭ್ಯರ್ಥಿಯೂ ನಾನೊಬ್ಬನೇ ಇರಬೇಕು. ಗ್ರಾಮ ಸ್ವರಾಜ್ಯದ ಇತಿಹಾಸದಿಂದ ಶುರುಮಾಡಿದ್ದೆ. ಎರಡೂ ಮಗ್ಗುಲು ತುಂಬಿಸಿದರೂ ಜಾಗ ಸಾಲಲಿಲ್ಲ. ‘ಸಾರ್, ಅಕ್ಷರ ಸಾಸಿವೆ ಕಾಳಿನಷ್ಟಾದ್ವು. ವಯಸ್ಸಾದೋರಿಗೆ ಕಾಣ್ಸಲ್ಲ. ಅರ್ಧ ತೆಗೀಲಾ?’ ಎಂದಳು. ಈ ಸಲ ಅವಳ ಮೇಲೆ ನನಗೆ ಅನುಮಾನ ಬಂತು. ಒಂದಕ್ಷರವನ್ನೂ ತೆಗೆಯಕೂಡದು ಎಂದು ಎದುರಿಗೇ ಕೂತು ಮುದ್ರಿಸಿಕೊಂಡು ಬಂದೆ. ಅವಳ ಕರಪತ್ರದಲ್ಲಿ ಅವಳ ಫೋಟೋ, ಹಲಗೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾಲುಸೇತುವೆ’ ಎಂದು ಒಂದೇ ಮಾತಿತ್ತು.

ಪ್ರಚಾರವೆಂದರೆ ನನಗೆ ಪಾಠವೇ. ಮನೆಯ ಮುಂದೆ ನಿಂತು, ಪಂಚಾಯಿತಿಯ ಅಧಿಕಾರಗಳು ಯಾವುವು, ವಾರ್ಡ್ ಸಭೆ ಎಂದರೇನು, ಮೊದಲಿನಿಂದ ಹೇಳುತ್ತಿದ್ದೆ. ಕೊನೆಗೆ ಬಾಯಿ ತಾನಾಗಿ ‘ಅರ್ಥ ಆಯ್ತಾ?’ ಎನ್ನುತ್ತಿತ್ತು. ಊರಿನ ಅರ್ಧ ಜನ ನನ್ನ ಕೈಕೆಳಗೆ ಕಲಿತವರು. ‘ಆಯ್ತು ಸಾರ್’ ಎಂದು ಒಟ್ಟಾಗಿ ರಾಗ ಎಳೆಯುತ್ತಿದ್ದರು. ತರಗತಿಯಲ್ಲಿ ಆ ರಾಗ ಕೇಳಿದ ಕೂಡಲೇ ಒಬ್ಬನಿಗೂ ಏನೂ ತಲೆಗೆ ಹತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಅಭ್ಯರ್ಥಿಯಾದ ಮೇಲೆ ಅದೇ ರಾಗ ಓಟಿನ ಹಾಗೆ ಕೇಳಿಸಿತು. ಮನೆಗೆ ಬಂದು ಇವತ್ತು ಆ ಬೀದಿಯೆಲ್ಲ ನಮ್ಮದೇ ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದೆ. ಅವಳು ಚಹಾದ ಲೋಟವನ್ನು ಮುಂದಿಟ್ಟು, ಬಿಸಿಯಿರುವಾಗಲೇ ಕುಡಿಯಿರಿ ಎನ್ನುತ್ತಿದ್ದಳು.

ಒಂದು ದಿನ ಚಾನಲ್ ದಂಡೆಯ ಮೇಲೆ ನಾವಿಬ್ಬರೂ ಎದುರುಬದುರಾದೆವು. ಅವಳ ಸುತ್ತ ಹತ್ತಾರು ಹೆಂಗಸರು. ನನ್ನ ಸುತ್ತ ಯಾರೂ ಇಲ್ಲ, ಕರಪತ್ರದ ಚೀಲವೊಂದು. ಅವಳು ಹೆಂಗಸರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ಮೇಷ್ಟ್ರು ಎಷ್ಟು ವರ್ಷದಿಂದ ಅರ್ಜಿ ಕೊಡ್ತಾನೇ ಅವ್ರೆ. ಹೊರಗಿಂದ ಕೊಟ್ಟಿದ್ದನ್ನ ಒಳಗೆ ತಗೊಳ್ಳೋರು ಬೇಕಲ್ಲ?’ ಎದುರಾಳಿಯೇ ನನ್ನನ್ನು ಹೊಗಳುತ್ತಿದ್ದಾಳೆ ಎಂದು ಎದೆಯುಬ್ಬಿತು. ಅವಳು ಕುಡಿಯಲು ನೀರು ಕೊಟ್ಟಳು. ಅರ್ಧ ಬಾಟಲಿ ಕುಡಿದು, ಒಳ್ಳೆಯದಾಗಲಿ ಎಂದು ಹರಸಿ, ನಾನು ನನ್ನ ದಾರಿ ಹಿಡಿದೆ.

ಎಣಿಕೆ ಚನ್ನಗಿರಿಯಲ್ಲಿತ್ತು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಭಾಷಣವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ತಿರುವಿ ಹಾಕಿ ಒಳಗೆ ಹೋದೆ. ಮತಪತ್ರಗಳನ್ನು ಬಿಡಿಸಿ ಫ್ಯಾನಿನವು ಒಂದು ಕಡೆ, ಹಲಗೆಯವು ಒಂದು ಕಡೆ ಇಡುತ್ತಿದ್ದರು. ಮೊದಮೊದಲು ಫ್ಯಾನಿನ ಕಟ್ಟು ಎತ್ತರವಿತ್ತು. ನಾನು ಅವಳ ಕಡೆ ಕನಿಕರದಿಂದ ನೋಡಿದೆ. ಸ್ವಲ್ಪ ಹೊತ್ತಿಗೆ ಎರಡೂ ಸಮವಾದವು. ಆಮೇಲೆ ಹಲಗೆಯ ಕಟ್ಟಿನ ಕಡೆಗೇ ಕೈಗಳು ಹೋಗತೊಡಗಿದವು. ಕೊನೆಗೆ ಅಧಿಕಾರಿಯೊಬ್ಬರು ಫಲಿತಾಂಶವನ್ನು ರೇಷನ್ ಅಂಗಡಿಯಲ್ಲಿ ಹೆಸರು ಕರೆಯುವವರ ದನಿಯಲ್ಲಿ ಓದಿ ಹೇಳಿದರು. ಅಂತರ ದೊಡ್ಡದೇನಲ್ಲ. ಇನ್ನೊಮ್ಮೆ ಎಣಿಸಿ ಎನ್ನುವಷ್ಟು ಸಣ್ಣದೂ ಆಗಿರಲಿಲ್ಲ.

ಸೋತೆ. ಸೋಲುತ್ತೇನೆ ಎಂದು ಒಂದು ಗಳಿಗೆಯೂ ಎಣಿಸಿರಲಿಲ್ಲವಾದ್ದರಿಂದ ಮುಖವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಅವಳೀಗ ಬಂದು ಕಾಲು ಮುಟ್ಟುತ್ತಾಳೆ, ಎಲ್ಲರ ಎದುರು ತಲೆಯ ಮೇಲೆ ಕೈಯಿಟ್ಟು ದೊಡ್ಡ ಮನಸ್ಸಿನಿಂದ ಹರಸೋಣ ಎಂದುಕೊಂಡು ಹೊರಗೆ ಬಂದು ಗೇಟಿನ ಹತ್ತಿರ ನಿಂತು ಬಲಗೈಯನ್ನು ಸ್ವಲ್ಪ ಎತ್ತಿ ಸಿದ್ಧವಾಗಿಟ್ಟುಕೊಂಡೆ. ಅವಳು ಬಂದಳು. ಅಷ್ಟರಲ್ಲಿ ಕಾಲೋನಿಯವರು ನುಗ್ಗಿ ಗುಲಾಲು ಎರಚಿ, ಅವಳನ್ನು ಎತ್ತಿಕೊಂಡು, ಕೇಕೆ ಹಾಕುತ್ತ ನನ್ನ ಮುಂದೆಯೇ ಹಾದುಹೋದರು. ನನ್ನ ಕೈ ಎತ್ತಿದಂತೆಯೇ ಇತ್ತು. ಪೊಲೀಸಿನವನೊಬ್ಬ ಬಂದು ‘ಏನ್ರೀ ಯಜಮಾನ್ರೆ, ಏನ್ ಬೇಕಿತ್ತು?’ ಎಂದು ಕೇಳಿದ.

‘ಏನಿಲ್ಲ, ಬಸ್ ಸ್ಟ್ಯಾಂಡಿಗೆ ಯಾವ ಕಡೆ ಹೋಗಬೇಕು?’ ಎಂದೆ.

ಹುಟ್ಟಿದಾಗಿನಿಂದ ಓಡಾಡಿದ ಊರಿನಲ್ಲಿ ಅವನು ತೋರಿಸಿದ ಕಡೆಗೆ ನಡೆದುಕೊಂಡು ಹೋದೆ.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಊರಿಗೆ ನಾನು ಬೇಡವಾಗಿದ್ದೆ. ಕೇಳಿ ಕೇಳಿ, ಚುನಾವಣೆ ಮಾಡಿಸಿ, ಎದುರಾಳಿಯನ್ನೂ ನಾನೇ ತಂದು, ಅದನ್ನು ಮುದ್ರೆ ಒತ್ತಿಸಿ ತಿಳಿದುಕೊಂಡಿದ್ದೆ. ಹೆಂಡತಿ ಊಟಕ್ಕೆ ಕರೆದಳು, ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಸಮಾಧಾನ ಹೊಳೆಯಿತು. ಹಲಗೆ! ಜನ ಹಲಗೆಯ ಚಿತ್ರ ನೋಡಿ ಇದು ಮೇಷ್ಟ್ರದ್ದೇ ಎಂದುಕೊಂಡು ಒತ್ತಿದ್ದಾರೆ. ನನಗೆ ಬೀಳಬೇಕಿದ್ದ ಓಟಿನಿಂದಲೇ ಅವಳು ಗೆದ್ದಿದ್ದಾಳೆ. ಎದ್ದು ಹೋಗಿ ಹೆಂಡತಿಗೆ ಇದನ್ನು ವಿವರಿಸಿ, ಎರಡು ರೊಟ್ಟಿ ಜಾಸ್ತಿಯೇ ತಿಂದೆ. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಹಾಲು ಹಾಕಲು ಇಬ್ಬರೂ ಡೈರಿಗೆ ಹೋದೆವು. ನನಗೆ ಹೋಗಲು ಮನಸ್ಸಿರಲಿಲ್ಲ. ಮುಖ ಮುಚ್ಚಿಕೊಂಡು ಎಷ್ಟು ದಿನ ಇರುತ್ತೀರಿ, ಕ್ಯಾನು ಹಿಡಿದುಕೊಳ್ಳಿ ಎಂದು ಅವಳೇ ಎಬ್ಬಿಸಿದ್ದಳು. ಸಾಲಿನಲ್ಲಿ ನಮ್ಮ ಮುಂದೆ ಕಾಲೋನಿಯ ಹೆಂಗಸೊಬ್ಬಳು ನಿಂತಿದ್ದಳು. ಮೊಮ್ಮಕ್ಕಳನ್ನು ತೂಬಿನ ಗೋಡೆ ದಾಟಿಸಲು ದಿನಾ ದಡಕ್ಕೆ ಬರುವವಳು. ನನ್ನ ಪರಿಚಯ ಚೆನ್ನಾಗಿತ್ತು.

‘ಬೇಜಾರ್ ಮಾಡ್ಕೊಂಡ್ರಾ ಸಾರ್?’ ಎಂದಳು.

‘ಇಲ್ಲಮ್ಮ. ಹಲಗೆ ಗುರುತು ಅವಳಿಗೆ ಹೋಯ್ತಲ್ಲ. ಜನ ನನ್ನದೇ ಅಂತ ಅದಕ್ಕೆ ಒತ್ತಿದ್ದಾರೆ. ಹಂಗಾಗಿ ಹಿಂಗಾಯ್ತು’ ಎಂದೆ, ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ.

‘ಇಲ್ಲ ಸಾರ್, ಯಾರೂ ಕಣ್ಣು ತಪ್ಪಿ ಒತ್ತಿಲ್ಲ. ಫ್ಯಾನು ನಿಮ್ದು, ಬೋರ್ಡು ಅವಳ್ದು ಅಂತ ಎಲ್ಲಾರಿಗೂ ಗೊತ್ತಿತ್ತು. ನೋಡ್ಕೊಂಡೇ ಒತ್ತೀವಿ.’

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಅವಳು ಮಾತ್ರ ಹಾಲಿನ ರೇಟು ಮಾತಾಡುವಷ್ಟು ಸಲೀಸಾಗಿ ಮುಂದುವರಿಸಿದಳು.

‘ನಿಮಗೆ ಯಾಕೆ ಹಾಕ್ಬೇಕು ಸಾರ್? ನೀವು ಸೋತ್ರೆ ಸುಮ್ನೆ ಕೂರ್ತೀರಾ? ಕೂರಲ್ಲ. ಹೆಂಗೂ ಓಡಾಡ್ತೀರಿ. ಅವಳು ಸೋತ್ರೆ ಅಂಗಡಿ ಬಾಗ್ಲು ತೆಗ್ದು ಕೂರ್ತಾಳೆ, ಅಷ್ಟೇ. ನೀವು ಗೆದ್ರೆ ನಮಗೆ ಒಬ್ರೇ. ಅವಳು ಗೆದ್ರೆ ಇಬ್ರು. ಅವಳು ಒಳಗೆ, ನೀವು ಹೊರಗೆ. ಕಾಲೋನಿ ಹೆಂಗಸರೆಲ್ಲ ಕೂತು ಲೆಕ್ಕ ಹಾಕೇ ಹಾಕಿದ್ದು. ನಿಮ್ಮ ಕಡೆ ಹೆಂಗಸರೂ ಹಾಕ್ಯಾರೆ, ಬೇಕಾದ್ರೆ ಕೇಳ್ರಿ.’

ಹಿಂತಿರುಗಿ ನೋಡಿದೆ. ಸಾಲಿನಲ್ಲಿದ್ದ ನಮ್ಮ ಬೀದಿಯ ಹೆಂಗಸರು, ಅವರಲ್ಲಿ ಯಜಮಾನರ ಮನೆಯವರೂ ಒಬ್ಬರು, ಕ್ಯಾನಿನ ಮುಚ್ಚಳಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಹೆಂಡತಿಯ ಮುಖ ನೋಡಿದೆ. ‘ನನ್ನ ಕೇಳ್ಬ್ಯಾಡ್ರಿ’ ಎಂದಳು ಅವಳು.

ನನಗೆ ಸಿಟ್ಟು ಬಂತು. ಕಟ್ಟೆಯವರು ನನ್ನ ಕಾಟ ನಿಲ್ಲಿಸಲು ಸೀಟು ಕೊಟ್ಟರು. ಇವರು ಅದೇ ಕಾಟ ನಿಲ್ಲಬಾರದೆಂದು ಓಟು ಕೊಡಲಿಲ್ಲ. ಇಷ್ಟು ವರ್ಷ ದುಡಿದವನಿಗೆ, ಹೋಗಲಿ ಪಾಪ, ಒಂದು ಸಲ ಮೆಂಬರಾಗಲಿ ಎಂದು ಯಾರಿಗೂ ಅನ್ನಿಸಲಿಲ್ಲ. ನಾನು ಸೋತರೆ ನೋಯುತ್ತದೆ ಎಂಬುದನ್ನು ಇವರ ಲೆಕ್ಕದಲ್ಲಿ ಒಬ್ಬರೂ ಹಿಡಿದಿರಲಿಲ್ಲ. ನೀವೆಲ್ಲ ನನ್ನನ್ನು ಏನೆಂದು ತಿಳಿದಿದ್ದೀರಿ, ಇನ್ನು ಮೇಲೆ ನಿಮ್ಮ ಸೇತುವೆ ನೀವೇ ಕಟ್ಟಿಕೊಳ್ಳಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಮಾತಿಗಿಂತ ಮೊದಲು ಕಣ್ಣು ತುಂಬಿ ಬಂತು.

ಕಾಲೋನಿಯ ಹೆಂಗಸು ತನ್ನ ಹಾಲು ಅಳೆಸಿ, ಖಾಲಿ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟವಳು ನಿಂತಳು.

‘ಬರೋ ವಾರ ಮೊದ್ಲನೇ ಮೀಟಿಂಗ್ ಐತಂತೆ. ಸೇತುವೆ ಅರ್ಜಿ ಯಾವಾಗ ಬರೀತೀರಿ ಸಾರ್?’

‘ಇವತ್ತೇ ಬರೀತೀನಿ ಕಣಮ್ಮ’ ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.